ಹಿತ್ತಾಳೆ ಬೆಳಗುವ ಮುನ್ನ

ಮಕ್ಕಳೇ, ಅಮೆರಿಕದಲ್ಲಿ ಬೆಳೆದ ನಿಮಗೆ ಶೂಟಿಂಗ್ ರೇಂಜ್ ಹೊಸದಲ್ಲ. ಹಾರಿಸಿದ ಕಾಡತೂಸಿನ ಖಾಲಿ ಹಿತ್ತಾಳೆ ಕೇಸುಗಳನ್ನು ತೊಳೆದು ಮತ್ತೆ ತುಂಬುವ ಹವ್ಯಾಸವನ್ನು ಸ್ನೇಹಿತರ ಗರಾಜಿನಲ್ಲಿ ಕೆಲವರು ನೋಡಿರುತ್ತೀರಿ. ಹಿತ್ತಾಳೆ ಬೆಳಗುವುದು ನಮ್ಮ ಮನೆಗಳ ಹಳೆಯ ಕೆಲಸ. ಅದಕ್ಕೇ ಇವತ್ತು ಈ ವಿಷಯ.

ಈ ಕೇಸಿನಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಗುಂಡು ಹಾರುವಾಗ ಅದು ಹಿಗ್ಗಿ, ಬಿಸಿ ಅನಿಲ ಹಿಂದಕ್ಕೆ, ಅಂದರೆ ನಮ್ಮ ಮುಖದ ಕಡೆಗೆ, ನುಗ್ಗದಂತೆ ತಡೆಯುತ್ತದೆ. ಆದ್ದರಿಂದ ತೊಳೆಯುವುದು ಬರೀ ಹೊಳಪಿಗಲ್ಲ, ಬಿರುಕು ಕಣ್ಣಿಗೆ ಬೀಳಲಿ ಎಂದು. ಕತ್ತಿನಲ್ಲಿ ಸೀಳು, ಬುಡದ ಹತ್ತಿರ ಸುತ್ತಲೂ ಹೊಳೆಯುವ ಗೆರೆ ಕಂಡರೆ ಆ ಕೇಸನ್ನು ಎಸೆಯಬೇಕು.

ನೀರು, ಪಾತ್ರೆ ತೊಳೆಯುವ ಸೋಪು, ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ, ಸಣ್ಣ ಉಕ್ಕಿನ ಕಡ್ಡಿಗಳೊಂದಿಗೆ ಡಬ್ಬಿಯಲ್ಲಿ ತಿರುಗಿಸಿ ತೊಳೆಯುತ್ತಾರೆ. ನಮ್ಮ ಹುಣಸೆಹಣ್ಣಿನ ಹುಳಿ ಕಿಲುಬು ತೆಗೆಯುವುದೂ ಹೀಗೆಯೇ. ಆದರೆ ಹುಳಿಯಲ್ಲಿ ಬಹಳ ಹೊತ್ತು ಬಿಟ್ಟರೆ ಸತು ಕರಗಿ ಹಿತ್ತಾಳೆ ಕೆಂಪಗಾಗುತ್ತದೆ.

ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡವೇ ಬೇಡ. ಇದರ ಹಿಂದೆ ನಮ್ಮ ದೇಶದ್ದೇ ಒಂದು ಕಥೆಯಿದೆ. ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ನೋಡಿದರೆ ಎಷ್ಟೋ ಕೇಸುಗಳು ತಾವಾಗಿಯೇ ಬಿರುಕು ಬಿಟ್ಟಿದ್ದವು. ಇಂಗ್ಲಿಷಿನಲ್ಲಿ ಇದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂದೇ ಹೆಸರಾಯಿತು. ಕುದುರೆಯ ಮೂತ್ರದಿಂದ ಬಂದ ಅಮೋನಿಯಾ, ಕೇಸು ತಯಾರಿಸುವಾಗ ಲೋಹದೊಳಗೆ ಉಳಿದ ಬಿಗಿತ, ಇವೆರಡೂ ಸೇರಿ ಹೀಗಾಗುತ್ತದೆ ಎಂದು ತಿಳಿದದ್ದು 1921ರಲ್ಲಿ.

ಕೊನೆಯದು, ಬಹಳ ಮುಖ್ಯವಾದದ್ದು: ಸೀಸ. ಗುಂಡಿಗೆ ಕಿಡಿ ಕೊಡುವ ಪ್ರೈಮರಿನಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಅದರ ಮಸಿ ಕೇಸಿನಲ್ಲಿ ಉಳಿಯುತ್ತದೆ, ಒಣಗಿದಂತೆಯೇ ಉಜ್ಜಿದರೆ ಧೂಳಾಗಿ ಹಾರುತ್ತದೆ. ಸೀಸ ಎಳೆಯ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಹಾಗಾಗಿ ಅಡುಗೆಮನೆಯ ಸಿಂಕು, ಪಾತ್ರೆ, ಅವನ್ ಯಾವುದನ್ನೂ ಇದಕ್ಕೆ ಬಳಸಬೇಡಿ. ಕೈಗೆ ಗ್ಲೌಸ್ ಹಾಕಿ, ಆದಷ್ಟು ಹೊರಗೆ, ತಿಳಿದ ಹಿರಿಯರ ಜೊತೆಯಲ್ಲೇ ಮಾಡಿ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಳ್ಳಿ.