ಗಾಳಿಗೂ ಪೆಟ್ರೋಲಿಗೂ ತಾಳೆ

ಬಣ್ಣಾರಿಯಿಂದ ನಮ್ಮ ಹಾಸನೂರಿಗೆ ಬರಲು ದಿಂಬಂ ಘಾಟಿಯ 27 ತಿರುವು ಏರಬೇಕು. ಹಳೆಯ ಪೆಟ್ರೋಲ್ ಜೀಪು ಏದುಸಿರು ಬಿಟ್ಟರೆ, ಸೂಪರ್‌ಚಾರ್ಜರ್ ಹಾಕಿಸೋಣವೇ ಎನ್ನಿಸುವುದು ಸಹಜ. ಅದು ಎಂಜಿನ್ನಿನ ಬಲದಿಂದಲೇ ತಿರುಗಿ, ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಯಂತ್ರ.

ಆದರೆ 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಬ್ಯಾಂಕಿನ ಜಮಾಖರ್ಚಿನಂತೆ ಇದೂ ತಾಳೆಯಾಗಬೇಕು. ಗಾಳಿ ಹೆಚ್ಚಿ ಪೆಟ್ರೋಲ್ ಸಾಲದಿದ್ದರೆ ಪಿಸ್ಟನ್ ಸುಟ್ಟೀತು. ಫ್ಯೂಯೆಲ್ ಇಂಜೆಕ್ಷನ್ನಿನಲ್ಲಿ ಸೆನ್ಸರು ಗಾಳಿಯ ಲೆಕ್ಕ ಹಿಡಿಯುತ್ತದೆ. ತಕ್ಕಷ್ಟೇ ಪೆಟ್ರೋಲ್ ಚಿಮ್ಮುತ್ತದೆ. ಕಾರ್ಬುರೇಟರಿಗೆ ಅಷ್ಟು ನಿಖರತೆ ಇಲ್ಲ.

ಎರಡನ್ನೂ ಜೋಡಿಸುವ ಮುನ್ನ ಹಳೆಯ ರಿಂಗು, ಗ್ಯಾಸ್ಕೆಟ್, ಬೇರಿಂಗು ಆ ಒತ್ತಡ ತಾಳುತ್ತವೆಯೇ ಎಂದು ಮೆಕ್ಯಾನಿಕ್ಕಿನಿಂದ ಪರೀಕ್ಷಿಸಿ. ಬ್ರೇಕನ್ನೂ ಮರೆಯಬೇಡಿ. ಏರಿದ ಘಾಟಿಯನ್ನು ಇಳಿಯಲೇಬೇಕಲ್ಲ!