ಬೇಕೆಂದೇ ಮಾಡಿದ ಕಾಗುಣಿತದ ತಪ್ಪು

ವಿದ್ಯಾರ್ಥಿ ಕಾಗುಣಿತದಲ್ಲಿ ತಪ್ಪಿದರೆ ಅಂಕ ಕಳೆಯುತ್ತೇವೆ. ವರ್ತಕನು ಬೇಕೆಂದೇ ತಪ್ಪಿದರೆ ಅದು ಅವನ ಸ್ವತ್ತಾಗುವುದೂ ಉಂಟು. ಐಸ್‌ಕ್ರೀಮಿನಿಂದ ಮನೆಮಾತಾದ ‘ಕ್ವಾಲಿಟಿ’ ಎಂಬ ಹೆಸರನ್ನೇ ನೋಡಿ. 1940ರಲ್ಲಿ ದೆಹಲಿಯಲ್ಲಿ ಹುಟ್ಟಿದ ಈ ಸಂಸ್ಥೆ, ಇಂಗ್ಲಿಷಿನಲ್ಲಿ ‘ಕ್ಯೂ’, ‘ಯು’ ಇರಬೇಕಾದ ಎಡೆಯಲ್ಲಿ ‘ಕೆ’, ‘ಡಬ್ಲ್ಯೂ’ಗಳನ್ನು ಕೂರಿಸಿತು. ಎರಡು ರೂಪಗಳನ್ನೂ ನಾನು ಇಲ್ಲಿ ಉಚ್ಚರಿಸಿದರೆ ಯಾವುದು ಯಾವುದೆಂದು ತಾವು ಹೇಳಲಾರಿರಿ. ತಪ್ಪು ಕಣ್ಣಿಗೆ ಮಾತ್ರ, ಕಿವಿಗಲ್ಲ.

ಅಮೆರಿಕದ ವರ್ತಕರಿಗೆ ಈ ‘ಕೆ’ಕಾರದ ಮೋಹ ಎಷ್ಟಿತ್ತೆಂದರೆ, ಲೂಯಿಸ್ ಪೌಂಡ್ ಎಂಬ ವಿದುಷಿ 1925ರಲ್ಲೇ ಅದನ್ನು ಕುರಿತು ಲೇಖನ ಬರೆದರು. ಫ್ರೆಂಚರೂ ಹಿಂದೆ ಬಿದ್ದವರಲ್ಲ. ‘ಎಲ್ಲವನ್ನೂ ಬಾಡಿಗೆಗೆ ಕೊಡುವವನು’ ಎಂಬರ್ಥದ ಮೂರು ಮಾತುಗಳನ್ನು ಬೆಸೆದು, ಮೊದಲಿಗೆ ಒಂದು ‘ಕೆ’ ಇರಿಸಿ, ‘ಕಿಲೂತೂ’ ಎಂಬ ಬಾಡಿಗೆ ಸಂಸ್ಥೆ 1980ರಲ್ಲಿ ಆರಂಭವಾಯಿತು.

ಇದೆಲ್ಲ ಬರಿಯ ವಿನೋದವೆಂದು ತಿಳಿಯಬಾರದು. ‘ಉತ್ತಮ’, ‘ಶುದ್ಧ’ ಮುಂತಾದ ಗುಣವಾಚಕಗಳು ಎಲ್ಲ ವರ್ತಕರಿಗೂ ಬೇಕು; ಅವನ್ನು ಒಬ್ಬನಿಗೇ ಬರೆದುಕೊಡಲು ಕಾನೂನು ಸಾಮಾನ್ಯವಾಗಿ ಒಪ್ಪದು. ಆಗ ಅಕ್ಷರವೊಂದನ್ನು ತಿರುಚಿ, ‘ಇದು ನಾನು ಸೃಷ್ಟಿಸಿದ ಹೊಸ ಪದ’ ಎನ್ನುವ ಉಪಾಯ ಹುಟ್ಟುತ್ತದೆ. ಊರಿನ ಗೋಮಾಳಕ್ಕೆ ರಾತ್ರೋರಾತ್ರಿ ಬೇಲಿ ಹಾಕಿದಂತೆ!

ಇಂಗ್ಲೆಂಡಿನಲ್ಲಿ ಬಟ್ಟೆಯ ವ್ಯಾಪಾರಿಗಳು ‘ಪೂರ್ತಿ ಉಣ್ಣೆ’ ಎಂಬರ್ಥದ ‘ಆಲ್ ವುಲ್’ ಎಂಬುದನ್ನು ‘ಆರ್ಲ್‌ವೂಲಾ’ ಎಂದು ಬರೆದು ನೋಂದಾಯಿಸಿಕೊಂಡಿದ್ದರು. 1909ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತೆಗೆದುಹಾಕಿತು. ತರ್ಕ ಸೊಗಸಾಗಿದೆ: ಬಟ್ಟೆ ಪೂರ್ತಿ ಉಣ್ಣೆಯದಾದರೆ ಹೆಸರು ಬರಿಯ ವರ್ಣನೆ, ಅಲ್ಲವಾದರೆ ವಂಚನೆ. ಎರಡು ವರ್ಷಗಳ ಬಳಿಕ, 1911ರಲ್ಲಿ, ‘ರಬ್ಬರಿನಂಥದು’ ಎಂಬರ್ಥದ ಪದದಿಂದ ಒಂದು ‘ಬಿ’ ಅಕ್ಷರವನ್ನು ಕೈಬಿಟ್ಟು ‘ರೂಬರಾಯ್ಡ್’ ಎಂದು ಬರೆದ ಕಂಪನಿಗೂ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಇದೇ ಗತಿಯಾಯಿತು. ಜನರ ಕಾಗುಣಿತ ಅಷ್ಟೇನೂ ಸುಧಾರಿಸಿಲ್ಲ, ತಪ್ಪಿ ಬರೆದ ಮಾತ್ರಕ್ಕೆ ಪದದ ಅರ್ಥ ಬೇರೆಯಾಗದು ಎಂಬುದು ನ್ಯಾಯಾಧೀಶರ ಅಭಿಪ್ರಾಯ. ಉತ್ತರಪತ್ರಿಕೆಗಳ ರಾಶಿಯ ಮುಂದೆ ಕುಳಿತ ಯಾವ ಅಧ್ಯಾಪಕನೂ ಇದಕ್ಕೆ ಸಹಿ ಹಾಕಿಯಾನು.

ನಮ್ಮ ದೇಶದಲ್ಲೂ ಇಂಥ ವ್ಯಾಜ್ಯವುಂಟು. ‘ಲೋಸಾರ್ಬ್’ ಎಂಬ ನೋಂದಾಯಿತ ಹೆಸರಿದ್ದ ಅಡುಗೆ ಎಣ್ಣೆಯ ಕಂಪನಿಯೊಂದು, ಇನ್ನೊಂದು ಕಂಪನಿ ತನ್ನ ಎಣ್ಣೆಯನ್ನು ಕುರಿತು ‘ಲೋ ಅಬ್ಸಾರ್ಬ್’, ಅಂದರೆ ಖಾದ್ಯ ಕಡಿಮೆ ಹೀರುವ ಎಣ್ಣೆ, ಎಂದು ಬರೆಯಕೂಡದೆಂದು ತಡೆಯಾಜ್ಞೆ ಕೇಳಿತು. 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ನಿರಾಕರಿಸಿತು. ಎಣ್ಣೆಯ ಗುಣವನ್ನು ಹೇಳುವ ಮಾತು ಒಬ್ಬರ ಸೊತ್ತಲ್ಲವಷ್ಟೆ.

ಇನ್ನು ಕನ್ನಡದ ಮಾತು. ಇಲ್ಲಿ ಈ ಆಟ ಅಷ್ಟು ಸುಲಭವಲ್ಲ. ನಮ್ಮ ಬರಹ ಉಚ್ಚಾರದ ಬೆನ್ನು ಹತ್ತಿ ನಡೆಯುವಂಥದು. ಹಳಗನ್ನಡದ ಶಕಟರೇಫವೂ ರಳವೂ ನಾಲಗೆಯಿಂದ ಮರೆಯಾದಾಗ ಕ್ರಮೇಣ ಬರಹದಿಂದಲೂ ಮರೆಯಾದುವು. ಇಂಗ್ಲಿಷ್ ಹಾಗೆ ಮಾಡಲಿಲ್ಲ. ಸತ್ತ ಧ್ವನಿಗಳ ಅಕ್ಷರಗಳನ್ನು ಇನ್ನೂ ಹೊತ್ತಿದೆ. ವರ್ತಕ ನುಸುಳುವುದು ಆ ಸಂದಿಯಲ್ಲೇ. ನಮ್ಮಲ್ಲಿ ಸಂದಿಯೇ ಇಲ್ಲವೆನ್ನಲಾರೆ. ಮಹಾಪ್ರಾಣವನ್ನು ಎಷ್ಟೋ ಬಾಯಿಗಳು ಉಚ್ಚರಿಸವು. ಆದರೆ ‘ಧನಲಕ್ಷ್ಮಿ ಭಂಡಾರ’ದ ಯಜಮಾನ ಹೊಸತನಕ್ಕೆಂದು ‘ದನಲಕ್ಷ್ಮಿ’ ಎಂದು ಬರೆಸಿದರೆ ಲಕ್ಷ್ಮಿ ಕೊಟ್ಟಿಗೆ ಸೇರುತ್ತಾಳೆ! ‘ಅಕ್ಕಿ’ಯನ್ನು ‘ಹಕ್ಕಿ’ ಎಂದು ಬರೆದವನನ್ನು ಚತುರನೆಂದು ಯಾರೂ ಮೆಚ್ಚರು, ಓದಿಲ್ಲದವನೆಂದು ನಗುತ್ತಾರೆ. ಬೇಕೆಂದು ತಪ್ಪುವ ಸಲಿಗೆ, ಸರಿಯಾಗಿ ಬರೆಯಬಲ್ಲನೆಂದು ಮೊದಲೇ ನಂಬಿಕೆ ಗಳಿಸಿದವನಿಗೆ ಮಾತ್ರ ಸಲ್ಲುತ್ತದೆ. ಅದರಲ್ಲಿ ಒಂದಿಷ್ಟು ಅನ್ಯಾಯವಿದೆಯೆಂದೇ ನನ್ನೆಣಿಕೆ.

2024ರ ತಿದ್ದುಪಡಿ ಕಾಯಿದೆಯಂತೆ ಕರ್ನಾಟಕದ ಅಂಗಡಿ ಫಲಕಗಳಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕು. ‘ಕೆ’, ‘ಡಬ್ಲ್ಯೂ’ಗಳಿಂದ ಬರೆದ ಹೆಸರನ್ನು ಕನ್ನಡಕ್ಕೆ ಇಳಿಸುವ ಕಲಾವಿದ ‘ಕ್ವಾಲಿಟಿ’ ಎಂದೇ ಬರೆಯುತ್ತಾನೆ. ನೆಟ್ಟಗೆ ಇಂಗ್ಲಿಷ್ ಕಾಗುಣಿತ ಪಾಲಿಸಿದ ಪಕ್ಕದ ಅಂಗಡಿಯವನಿಗೂ ಅವನು ಬರೆದುಕೊಡುವುದು ಅದೇ ಮೂರು ಅಕ್ಷರ.