ಪ್ರಶ್ನೆ ಸ್ಪಷ್ಟವಾಗಿದ್ದರೆ ಸಲಹೆ ಸರಿಯಾದೀತು



ಸವದತ್ತಿಯ ಸಮೀಪದ ನವಿಲುತೀರ್ಥವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಎಲ್ಲಮ್ಮನ ಗುಡ್ಡಕ್ಕೆ ಹೋದವರು ಅಣೆಕಟ್ಟನ್ನೂ ನೋಡಿಕೊಂಡು ಬರುವುದುಂಟು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ತಡೆದು ನಿಂತು ರೇಣುಕಾಸಾಗರವಾಗಿದೆ. ಜಲಾಶಯದ ಪೂರ್ಣಮಟ್ಟ 2079.50 ಅಡಿ. ಮಳೆಗಾಲದಲ್ಲಿ ಮುಖ್ಯವಾಗಿ ದಾಖಲಾಗುವ ಸಂಗತಿಗಳು ಮೂರು: ನೀರಿನ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಕ್ಯೂಸೆಕ್. ‘ನೀರು ಬಹಳ ಬಂದಿದೆ’ ಎಂದು ಬರೆದರೆ ಗೇಟು ತೆರೆಯುವವರಿಗೆ ಏನೂ ತಿಳಿಯದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಭಾಗದ ಊರುಗಳಿಗೆ ನುಗ್ಗಿದಾಗ ನದೀತೀರದ ಜನರಿಗೆ ಬೇಕಾಗಿದ್ದುದೂ ಎಷ್ಟು ನೀರು, ಯಾವಾಗ ಎಂಬ ಸ್ಪಷ್ಟ ಮಾತೇ.

ಕಾಲೇಜು ಪ್ರವೇಶದ ವಿಷಯದಲ್ಲಿ ಸಲಹೆ ಕೇಳುವವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಈ ಪಾಠವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ನವಿಲುತೀರ್ಥದ ಆಸುಪಾಸಿನ ಹಳ್ಳಿಯ ಹುಡುಗನೊಬ್ಬ ಮೊಬೈಲಿನಲ್ಲಿ ನನಗೆ ಬರೆದಿದ್ದ: ‘ಸರ್, ನನಗೆ ಒಳ್ಳೆಯ ಅಂಕ ಬಂದಿವೆ. ಬಿ.ಎಸ್ಸಿ. ಕೃಷಿ ಸಿಗುತ್ತದೆಯೇ?’ ಹಳ್ಳಿಯ ಹುಡುಗ, ಕನ್ನಡ ಮಾಧ್ಯಮದವನು. ಅಷ್ಟು ನೋಡಿ ನಾನು, ‘ಗ್ರಾಮೀಣ ಮೀಸಲಾತಿ ಇದೆಯಲ್ಲ, ಚಿಂತೆ ಬೇಡ’ ಎಂದು ಉತ್ತರಿಸಿಬಿಟ್ಟೆ. ಅವನು ಏಳನೆಯ ತರಗತಿಯವರೆಗೆ ಮಾತ್ರ ಹಳ್ಳಿಯಲ್ಲಿ ಓದಿದ್ದ. ಹೈಸ್ಕೂಲು ಓದಿದ್ದು ಸವದತ್ತಿ ಪಟ್ಟಣದಲ್ಲಿ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ದಾಖಲೆ ಪರಿಶೀಲನೆಯಲ್ಲಿ ಆ ಕೋರಿಕೆ ಬಿದ್ದುಹೋಯಿತು.

ಇನ್ನೂ ದುಃಖದ ಸಂಗತಿಯೊಂದಿತ್ತು. ಅವರದು ಮಲಪ್ರಭೆಯ ಕಾಲುವೆ ನೀರು ಉಣ್ಣುವ ಹೊಲ. ಕೃಷಿ ಕೋರ್ಸುಗಳಿಗೆ ಕೃಷಿಕರ ಕೋಟಾ ಎಂಬುದೊಂದಿದೆ. ಅದಕ್ಕೆ ಅರ್ಜಿ ತುಂಬುವಾಗಲೇ ಕೋರಿಕೆ ಸಲ್ಲಿಸಿ, ಜಮೀನಿನ ದಾಖಲೆ ಒದಗಿಸಿ, ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಅವನು ಅದನ್ನು ಕೋರಿರಲೇ ಇಲ್ಲ. ಆಮೇಲೆ ಅವನ ತಂದೆ ಫೋನಿನಲ್ಲಿ ಹೇಳಿದರು: ‘ಹೊಲದ ಮಾತು ಕಾಲೇಜಿಗೆ ಯಾಕ ಬೇಕ್ರಿ ಸಾಹೇಬ್ರ, ಅಂತ ಬಿಟ್ವಿ.’ ನನ್ನ ಮಾತು ನಂಬಿ ಅವನು ಡಿಗ್ರಿ ಕಾಲೇಜಿಗೂ ಅರ್ಜಿ ಹಾಕಿರಲಿಲ್ಲ. ಕೊನೆಯ ದಿನಾಂಕ ಕಳೆದಿತ್ತು. ಆ ಒಂದು ವರ್ಷ ಹುಡುಗ ಮನೆಯಲ್ಲೇ ಉಳಿದ.

ನಾನು ವಿಜ್ಞಾನ ಓದಿದವನು. ಪ್ರಯೋಗಾಲಯದಲ್ಲಿ ಅಂಕಿಯ ಪಕ್ಕದಲ್ಲಿ ಗ್ರಾಮೋ ಮಿಲಿಲೀಟರೋ ಎಂದು ಬರೆಯದಿದ್ದರೆ ನಮ್ಮ ಮೇಷ್ಟ್ರು ಸೊನ್ನೆ ಕೊಡುತ್ತಿದ್ದರು. ‘ಒಳ್ಳೆಯ ಅಂಕ’ ಎಂಬ ಮಾತು ಅಂಥದೇ. ಯಾವ ಪರೀಕ್ಷೆಯ ಅಂಕ? ಪಿಯುಸಿಯದೋ, ಸಿಇಟಿಯದೋ, ನೀಟ್‌ನದೋ? ಅದು ಅಂಕವೋ, ರ‍್ಯಾಂಕೋ? ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಸಂಬಂಧಪಟ್ಟ ವಿಷಯಗಳ ಅಂಕ ಅರ್ಧ, ಸಿಇಟಿ ಅರ್ಧ. ವೈದ್ಯಕೀಯಕ್ಕೆ ನೀಟ್ ಒಂದೇ ದಾರಿ. ಒಂದು ಪರೀಕ್ಷೆಯ ಅಂಕ ಹೇಳಿ ಇನ್ನೊಂದರ ಸೀಟು ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು.

ಹಾಗಾದರೆ ಏನೇನು ಬರೆಯಬೇಕು?

ಮೊದಲನೆಯದು, ಓದು. ಪಿಯುಸಿಯ ವಿಷಯಗಳು, ಪ್ರತಿ ವಿಷಯದ ಅಂಕ, ಪ್ರವೇಶ ಪರೀಕ್ಷೆಯ ಹೆಸರು, ವರ್ಷ ಮತ್ತು ರ‍್ಯಾಂಕು.

ಎರಡನೆಯದು, ಒಂದರಿಂದ ಹತ್ತರವರೆಗೆ ಯಾವ ಯಾವ ಊರಿನಲ್ಲಿ, ಯಾವ ಮಾಧ್ಯಮದಲ್ಲಿ ಓದಿದಿರಿ ಎಂಬುದು. ಕನ್ನಡ ಮಾಧ್ಯಮದ ಮೀಸಲಾತಿಗೂ ಈ ಹತ್ತು ವರ್ಷಗಳದ್ದೇ ಲೆಕ್ಕ.

ಮೂರನೆಯದು, ಪ್ರವರ್ಗ, ಮನೆಯ ಆದಾಯ ಮತ್ತು ಪ್ರಮಾಣಪತ್ರ. ಪತ್ರ ಕೈಯಲ್ಲಿದೆಯೇ, ಇನ್ನೂ ನಾಡಕಚೇರಿಯಲ್ಲಿದೆಯೇ ಎಂಬುದನ್ನೂ ಹೇಳಿ.

ನಾಲ್ಕನೆಯದು, ಜಿಲ್ಲೆ ಮತ್ತು ತಾಲ್ಲೂಕು. ‘ಉತ್ತರ ಕರ್ನಾಟಕದವನು’ ಎಂದಷ್ಟೇ ಬರೆದರೆ ಸಾಲದು. 371(ಜೆ) ವಿಧಿಯ ಸೌಲಭ್ಯ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸೇರಿದ್ದು. ಕೊಪ್ಪಳದ ವಿದ್ಯಾರ್ಥಿಗೆ ಅದುಂಟು. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯವಾದ್ದರಿಂದ ಅಲ್ಲಿಯವರಿಗಿಲ್ಲ.

ಐದನೆಯದು, ಮನೆಯ ಪರಿಸ್ಥಿತಿ. ವರ್ಷಕ್ಕೆ ಎಷ್ಟು ಶುಲ್ಕ ಕಟ್ಟಬಲ್ಲಿರಿ? ಧಾರವಾಡದಲ್ಲಿ ಹಾಸ್ಟೆಲಿನಲ್ಲಿರುವಿರಾ, ದಿನಾಲೂ ಬಸ್ಸಿನಲ್ಲಿ ಓಡಾಡುವಿರಾ? ಇದನ್ನು ಹೇಳಲು ಸಂಕೋಚ ಬೇಡ. ಎಷ್ಟೋ ಮಕ್ಕಳು ಸೀಟು ಸಿಕ್ಕಿಯೂ ಈ ಕಾರಣಕ್ಕೇ ಹಿಂದೆ ಸರಿಯುತ್ತಾರೆ.

ಕೊನೆಯದಾಗಿ, ನಿಮ್ಮ ಪ್ರಶ್ನೆ. ಅದು ಒಂದೇ ಇರಲಿ, ನೇರವಾಗಿರಲಿ. ಸೀಟು ಹಂಚಿಕೆಯಾದ ಮೇಲೆ ಕೇಳುವುದಾದರೆ ಎಷ್ಟನೆಯ ಸುತ್ತು ಎಂದು ತಿಳಿಸಿ. ಆಗ ನಿಮ್ಮ ಮುಂದೆ ನಾಲ್ಕು ಆಯ್ಕೆಗಳಿರುತ್ತವೆ: ಸಿಕ್ಕ ಸೀಟಿಗೆ ಸೇರುವುದು, ಅದನ್ನು ಇಟ್ಟುಕೊಂಡೇ ಮೇಲಿನ ಆಯ್ಕೆಗೆ ಕಾಯುವುದು, ಅದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಗುಂಡಿ ಒತ್ತಿದರೆ ಕೈಯಲ್ಲಿದ್ದ ಸೀಟೂ ಹೋದೀತು.

ಹೇಳಬಾರದ ಸಂಗತಿಗಳೂ ಇವೆ. ಪಾಸ್‌ವರ್ಡ್, ಮೊಬೈಲಿಗೆ ಬರುವ ಒಟಿಪಿ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಇವುಗಳನ್ನು ಸಲಹೆ ಕೊಡುವವರಿಗೆ ಕೊಡಬೇಡಿ. ಸಲಹೆಗೆ ಅವು ಬೇಕಾಗುವುದೇ ಇಲ್ಲ. ಯಾರಾದರೂ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಯಾರೇ ಸಲಹೆ ಕೊಟ್ಟರೂ, ನನ್ನಂಥವನೇ ಕೊಟ್ಟರೂ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಕದೊಂದಿಗೆ ತಾಳೆ ನೋಡಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

ಆ ಹುಡುಗ ಮರುವರ್ಷ ಮತ್ತೆ ಬರೆದ. ಈ ಸಲ ಒಂದು ಪುಟ: ಶಾಲೆಗಳ ಹೆಸರು, ಅಂಕಗಳು, ಹೊಲದ ಉತಾರ, ತಂದೆಯ ಆದಾಯ, ಕಡೆಗೆ ಒಂದೇ ಪ್ರಶ್ನೆ. ಉತ್ತರ ಬರೆಯುವ ಮುನ್ನ ನಾನೂ ಅವನಿಗೆ ಮೂರು ಪ್ರಶ್ನೆ ಕೇಳಿದೆ. ಅವನಿಗೆ ಕೃಷಿಯಲ್ಲೇ ಸೀಟು ಸಿಕ್ಕಿತು. ಕಳೆದ ಒಂದು ವರ್ಷವನ್ನು ಮಾತ್ರ ಅವನಿಗೆ ಹಿಂದಿರುಗಿಸಲು ನನ್ನಿಂದಾಗಲಿಲ್ಲ.

ನೀವು ಇಂದೇ ಒಂದು ಹಾಳೆ ತೆಗೆದುಕೊಂಡು ನಿಮ್ಮ ವಿವರಗಳನ್ನು ಬರೆದಿಡಿ. ಮನೆಯ ಹಿರಿಯರಿಗೆ ಓದಿ ಹೇಳಿ; ಬಿಟ್ಟುಹೋದದ್ದನ್ನು ಅವರು ನೆನಪಿಸಿಯಾರು. ಆಮೇಲೆ ಸಲಹೆ ಕೇಳಿ.